ಮಂಡಾಲೆಯನ್ನು ನಾನು ನೋಡಿಲ್ಲ

ಆದವಾನಿಯ ಹಳಬರು ನನ್ನನ್ನು ಈಗಲೂ ರಂಗೂನು ರಂಗಪ್ಪ ಎಂದೇ ಕರೆಯುತ್ತಾರೆ. ಹುಟ್ಟಿದಾರಭ್ಯ ಹಡಗು ಹತ್ತಿದ್ದು ಒಂದೇ ಪ್ರಯಾಣಕ್ಕೆ. ರಂಗೂನಿನಲ್ಲಿ ಇದ್ದದ್ದು ಒಂಬತ್ತು ದಿನ. ಆ ಒಂಬತ್ತು ದಿನಗಳನ್ನು ಐವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ, ಚಹಾ ಅಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಕ್ಷೌರಕ್ಕೆ ಕೂತಾಗ. ಹೇಳಿ ಹೇಳಿ ಅಲ್ಲಿಯ ನದಿ ವರ್ಷಕ್ಕಿಷ್ಟು ಅಗಲವಾಗಿದೆ.

ಹೋದ ವಾರ ಸುಂಕಮ್ಮನ ಮೊಮ್ಮಗ ತನ್ನ ಮದುವೆಯ ಕರೆಯೋಲೆ ಕೊಡಲು ಬಂದಿದ್ದ. ಕಾಲಿಗೆ ಬಿದ್ದು ಎದ್ದು, "ತಾತಾ, ಮದುವಿ ಹಿಂದಿನ ದಿನಾನ ಬರ್ರಿ. ನಮ್ಮ ಬೀಗರು ಮಂಡಾಲೆ ಅಂದ್ರ ಏನು, ಎಲ್ಲೈತಿ ಅಂತ ಕೇಳಾಕತ್ಯಾರ. ನೀವ ಹೇಳ್ಬೇಕು. ಆ ಸೀಮಿ ಕಂಡೋರು ನೀವೊಬ್ರ ಉಳ್ದೀರಿ" ಎಂದ.

ಹೂಂ ಎಂದು ಕಳಿಸಿದೆ. ಆಮೇಲೆ ಮೂರು ದಿನ ಅನ್ನ ಸೇರಲಿಲ್ಲ. ನನ್ನ ಪ್ರವಾಸದ ಕಥೆಯಲ್ಲಿ ಇಷ್ಟು ವರ್ಷ ಬಿಟ್ಟು ಹೇಳಿದ ಭಾಗವೊಂದಿದೆ. ಅದನ್ನೂ ಸೇರಿಸಿ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಆದವಾನಿ ಸ್ಟೇಷನ್

ಆಗ ನನಗೆ ಇಪ್ಪತ್ತೆರಡು. ಹೈಸ್ಕೂಲು ಮುಗಿಸಿ ಹತ್ತಿಯನ್ನು ಒತ್ತಿ ಬೇಲು ಕಟ್ಟುವ ಪ್ರೆಸ್ಸೊಂದರಲ್ಲಿ ಗುಮಾಸ್ತನಾಗಿದ್ದೆ. ಕನ್ನಡ, ತೆಲುಗು ಎರಡೂ ಕಲೆತ ಗಡಿಯ ಊರು, ಆ ದಿನಗಳ ಆದವಾನಿ ಈಗಲೂ ಕಣ್ಣ ಮುಂದಿದೆ. ಸುಗ್ಗಿ ಬಂತೆಂದರೆ ಆಸ್ಪರಿ, ಗೋನೆಗಂಡ್ಲದ ಕಡೆಯಿಂದ ಹತ್ತಿಯ ಗಾಡಿಗಳು ಸಾಲುಗಟ್ಟಿ ಬರುತ್ತಿದ್ದವು. ಗಾಳಿಯಲ್ಲಿ ತೇಲುವ ಹತ್ತಿಯ ಎಳೆ ಮೀಸೆಗೆ, ಹುಬ್ಬಿಗೆ ಅಂಟಿ, ಇಪ್ಪತ್ತರ ಹುಡುಗರೂ ಮುದುಕರಂತೆ ಕಾಣುತ್ತಿದ್ದೆವು. ಒಬ್ಬರನ್ನೊಬ್ಬರು "ಏನ್ ತಾತಾ, ಊಟಾತೇನು?" ಎಂದು ಕೇಳಿ ನಗುತ್ತಿದ್ದೆವು. ಈಗ ಯಾರಾದರೂ ತಾತಾ ಎಂದರೆ ಅದು ತಮಾಷೆಯಲ್ಲ.

ಹತ್ತಿಯಿಂದ ಬೀಜ ಬಿಡಿಸುವ ಜಿನ್ನುಗಳಲ್ಲಿ ಈರಣ್ಣ ಫಿಟ್ಟರಾಗಿದ್ದ. ನಮ್ಮ ಓಣಿಯವನೇ, ನನಗಿಂತ ಆರು ವರ್ಷ ದೊಡ್ಡವನು. ಕುರಿ ಸಾಕಿ ಕಂಬಳಿ ನೇಯುವ ಮನೆತನ. ಇವನಿಗೆ ಮಾತ್ರ ಕಬ್ಬಿಣದ ಹುಚ್ಚು. ಯಂತ್ರದ ಮುಂದೆ ಕಣ್ಣು ಮುಚ್ಚಿ ನಿಂತು, ಯಾವ ರೋಲರು ಸವೆದಿದೆ ಎಂದು ಸದ್ದಿನಿಂದಲೇ ಹೇಳುತ್ತಿದ್ದ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೋಟೆಯ ಗುಡ್ಡ ಹತ್ತಿಸಿದವನು ಅವನು. ಒಬ್ಬ ಕಂತ್ರಾಟುದಾರ ರಂಗೂನಿನ ಅಕ್ಕಿ ಗಿರಣಿಗೆ ಫಿಟ್ಟರು ಬೇಕೆಂದು ಬಂದಾಗ ಮೈಮೇಲಿನ ಅಂಗಿಯಲ್ಲೇ ಹೊರಟುಬಿಟ್ಟ. ಹೆಂಡತಿ ಸುಂಕಮ್ಮನ ಕಂಕುಳಲ್ಲಿ ಆಗ ವರ್ಷದ ಮಗ.

ಎರಡು ವರ್ಷ ಕಾಗದಗಳು ಬಂದವು. ಸುಂಕಮ್ಮನಿಗೆ ಓದು ಬಾರದು. ಅವಳ ಮನೆಯ ಕಟ್ಟೆಯ ಮೇಲೆ ಕೂತು ಓದಿ ಹೇಳುತ್ತಿದ್ದವನು ನಾನು. ಇಲ್ಲಿ ಮಳೆ ನಿಲ್ಲುವುದೇ ಇಲ್ಲ ಎಂಬ ಸಾಲು ಪ್ರತಿ ಕಾಗದದಲ್ಲೂ ಇರುತ್ತಿತ್ತು. ಮಳೆಗಾಗಿ ಬಾಯಿಬಿಟ್ಟು ಕೂತ ನಮ್ಮ ಓಣಿ ಅದನ್ನು ಎರಡೆರಡು ಸಲ ಓದಿಸಿ ಕೇಳುತ್ತಿತ್ತು. ಆಮೇಲೆ ಕಾಗದ ನಿಂತವು. ನಾನು ಬರೆದವಕ್ಕೂ ಉತ್ತರವಿಲ್ಲ. ಹೀಗೆ ಒಂದೂವರೆ ವರ್ಷ ಕಳೆಯಿತು.

ಅಷ್ಟರಲ್ಲಿ ನಮ್ಮ ಪ್ರೆಸ್ಸಿನ ಶೆಟ್ಟರಿಗೆ, ರಂಗೂನಿನಲ್ಲಿ ನೆಲೆಸಿದ್ದ ಪಾಲುದಾರರೊಬ್ಬರ ಸಹಿ ಬೇಕಾಯಿತು. ಕನ್ನಡ, ತೆಲುಗು, ನಮ್ಮೂರ ಉರ್ದು, ಮುರುಕು ಇಂಗ್ಲಿಷು ಎಲ್ಲ ಬರುತ್ತದೆಂದು ನನ್ನನ್ನು ಆರಿಸಿದರು. ಸುದ್ದಿ ಓಣಿಗೆ ತಲುಪಿದ್ದೇ ತಡ, ಎಲ್ಲರ ಬಾಯಲ್ಲೂ ಒಂದೇ ಮಾತು: ರಂಗಪ್ಪ ಹೋಗಿ ಈರಣ್ಣನನ್ನು ಹುಡುಕಿಕೊಂಡು ಬರುತ್ತಾನೆ.

ಸ್ಟೇಷನ್ನಿಗೆ ಸುಂಕಮ್ಮ ಒಂದು ಕರಿಕಂಬಳಿ ಹೊತ್ತು ಬಂದಿದ್ದಳು.

"ರಂಗಣ್ಣ, ಇದನ್ನ ಅವಗ ಕೊಡು. ಮಳಿ ಭಾಳ ಅಂತ ಬರ್ಸತಿದ್ದನಲ್ಲ. ನಮ್ಮ ಮಾವ ನೇಯ್ದದ್ದು. ಹೇಳಾದೇನ್ ಬ್ಯಾಡ, ಮೂಗಿಗೆ ಹಿಡದ್ರ ಅವಗ ಗೊತ್ತಾಗತೈತಿ."

"ಸಿಕ್ಕರ ಕೊಡ್ತೀನವ್ವ."

"ಸಿಕ್ಕರ ಅಂತ ಯಾಕಂತಿ? ನೀ ಹೊಂಟಿದ್ದು ರಂಗೂನಿಗಿ. ಅವಾ ಇರಾದೂ ರಂಗೂನಾಗ."

"ರಂಗೂನು ಅಂದ್ರ ನಮ್ಮ ಆದವಾನಿ ಅಂದ್ಕಂಡೇನು? ಹತ್ತು ಆದವಾನಿ ಕೂಡ್ಸಿದಷ್ಟು ಐತಂತ."

"ಎಷ್ಟ್ ದೊಡ್ಡದಾದ್ರೂ ಊರು ಊರ. ಯಾರಿಗಾದ್ರೂ ಕೇಳು, ತೋರಸ್ತಾರ. ಒಂದ್ ಮಾತು ಕೇಳಾಕ ಏನು?"

ರೈಲು ಬಂತು. ಕಂಬಳಿಯನ್ನು ಕಿಟಕಿಯೊಳಗೆ ತುರುಕಿ, ಅದರ ಮೇಲೆ ಒಮ್ಮೆ ಕೈಯಾಡಿಸಿ ಹಿಂದೆ ಸರಿದು ನಿಂತಳು.

ಮದ್ರಾಸು, ಹಡಗು

ಅದಕ್ಕೆ ಮುಂಚೆ ನಾನು ಗುಂತಕಲ್ಲು ದಾಟಿದವನಲ್ಲ. ನಮ್ಮ ಕಡೆ ನೀರೆಂದರೆ ಬಾವಿಯ ತಳದಲ್ಲಿ ಬಗ್ಗಿ ನೋಡಬೇಕಾದ ವಸ್ತು. ಮದ್ರಾಸಿನಲ್ಲಿ ಅದು ಕಣ್ಣಿನ ಮಟ್ಟಕ್ಕೇ ನಿಂತಿತ್ತು. ಸಮುದ್ರದ ನೀರು ಉಪ್ಪು ಎಂದು ಪುಸ್ತಕದಲ್ಲಿ ಓದಿದ್ದೆ, ಆದರೂ ಇಷ್ಟೊಂದು ನೀರು ಸುಳ್ಳೇ ಉಪ್ಪಾಗಲು ಸಾಧ್ಯವೇ ಎನ್ನಿಸಿ ಬೊಗಸೆ ತುಂಬಿ ಕುಡಿದೆ. ಪಕ್ಕದಲ್ಲಿ ಬಲೆ ಒಣಗಿಸುತ್ತಿದ್ದವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಹಡಗಿನಲ್ಲಿ ನಮ್ಮಂಥವರಿಗೆ ಮೇಲ್ಗಡೆಯ ಬಯಲೇ ಜಾಗ. ಚಾಪೆ ಹಾಸಿದ್ದಷ್ಟು ಮನೆ. ಎರಡನೆಯ ದಿನ ಹಡಗಿನ ಓಲಾಟಕ್ಕೆ ನಾನು ನೆಲ ಹಿಡಿದೆ. ಪಕ್ಕದ ಚಾಪೆಯ ತಮಿಳು ಅಜ್ಜಿ ಮೊದಲ ದಿನ ಕಂಬಳಿಯ ಕುರಿವಾಸನೆಗೆ ಮೂಗು ಮುಚ್ಚಿಕೊಂಡು ಬೆನ್ನು ತಿರುಗಿಸಿದ್ದಳು. ಈಗ ಅವಳೇ ಎದ್ದು ಬಂದು, ಉಪ್ಪಿನಲ್ಲಿ ಹಾಕಿದ ಹುಳಿಕಾಯಿಯ ಚೂರೊಂದನ್ನು ನನ್ನ ಬಾಯಿಗಿಟ್ಟಳು. ಸಮುದ್ರದ ಚಳಿಗಾಳಿ ಎದ್ದಾಗ ಕಂಬಳಿಯ ಅರ್ಧ ಅವಳದಾಯಿತು. ಮೂಗಿನ ಮಾತು ಆಮೇಲೆ ಬರಲಿಲ್ಲ.

ಅಲ್ಲೇ ಒಬ್ಬ ವ್ಯಾಪಾರಿ ಸಾಹೇಬರು ನನ್ನ ಉರ್ದು ಕೇಳಿ ಖುಷಿಪಟ್ಟರು. ನಾನು ಬೇಡ ಎನ್ನಲು "ನಕ್ಕೋ" ಎಂದಾಗಲೆಲ್ಲ "ಔರ್ ಏಕ್ ಬಾರ್ ಬೋಲೋ ಮಿಯಾ" ಎಂದು ಮತ್ತೊಮ್ಮೆ ಹೇಳಿಸುತ್ತಿದ್ದರು. ರಂಗೂನಿನ ಮಳೆಯ ಮಾತು ಬಂದಾಗ ಅವರು, ಬರ್ಮಾ ಎಲ್ಲ ಕಡೆ ಹಾಗಿಲ್ಲ, ಮೇಲಿನ ಸೀಮೆಯಲ್ಲಿ ನಿಮ್ಮ ಕಡೆಯಂಥ ಒಣಭೂಮಿ ಇದೆ, ಹತ್ತಿ ಬೆಳೆಯುತ್ತಾರೆ, ಜಿನ್ನುಗಳೂ ಇವೆ ಎಂದರು. ಬರ್ಮಾದಲ್ಲಿ ಹತ್ತಿಯೇ ಎಂದು ಆಶ್ಚರ್ಯಪಟ್ಟೆ. ಆ ಮಾತು ಮನಸ್ಸಿನಲ್ಲಿ ಉಳಿಯಿತು. ಉಳಿಯದಿದ್ದರೆ ಒಳ್ಳೆಯದಿತ್ತು.

ರಂಗೂನು, ಮೊದಲ ಏಳು ದಿನ

ಪರದೇಶದ ಮಾತು ಹೇಗಿರುತ್ತದೋ ಎಂದು ಕಿವಿ ನಿಮಿರಿಸಿಕೊಂಡು ಇಳಿದರೆ, ಮೊದಲು ಕೇಳಿಸಿದ್ದು ತೆಲುಗು. ಗಂಟು ಹೊರುವವನು ತೆಲುಗ, ರಿಕ್ಷಾ ಎಳೆಯುವವನೂ ತೆಲುಗ. ಎಲ್ಲ ತೆಲುಗು ಕರಾವಳಿಯ ಕಡೆಯವರು.

"ಎಕ್ಕಡಿಕಿ ಬಾಬೂ?" ಎಲ್ಲಿಗೆ ಎಂದು ರಿಕ್ಷಾದವನು ಕೇಳಿದ. ವಿಳಾಸದ ಚೀಟಿ ತೋರಿಸಿ, ಇಲ್ಲಿಗೆ ಹೋಗಬೇಕು ಎಂಬರ್ಥದಲ್ಲಿ ನಮ್ಮೂರ ತೆಲುಗಿನಲ್ಲಿ "ಈಡಿಕಿ ಪೋವಾಲ" ಎಂದೆ.

ಅವನು ನಾಲಿಗೆ ಕಚ್ಚಿಕೊಂಡ. "ಅಲಾ ಅನಕೂಡದು ಬಾಬೂ! ವೆಳ್ಳಾಲಿ ಅನಂಡಿ." ಪೋವಾಲ ಎನ್ನಬಾರದು, ವೆಳ್ಳಾಲಿ ಎನ್ನಿ.

ಏಕೆಂದು ಕೇಳಿದೆ. ಅವನು ನಕ್ಕು ರಿಕ್ಷಾ ಎತ್ತಿದ. ಅವನಿಗೆ ನನ್ನ ತೆಲುಗು ತಮಾಷೆ, ನನಗೆ ಅವನದು. ಅಷ್ಟಕ್ಕೇ ಬಿಟ್ಟೆ.

ಸಹಿಯ ಕೆಲಸ ಎರಡೇ ದಿನದಲ್ಲಿ ಮುಗಿಯಿತು. ಮರಳುವ ಹಡಗಿಗೆ ಇನ್ನೂ ಏಳು ದಿನ. ನಾಳೆ ಹೋಗಿ ಈರಣ್ಣನನ್ನು ವಿಚಾರಿಸಿದರಾಯಿತು ಎಂದುಕೊಂಡು ಊರು ನೋಡಲು ಹೊರಟೆ. ಆ ನಾಳೆ ಐದು ದಿನ ಮುಂದಕ್ಕೆ ಹೋಯಿತು.

ಏನೇನು ನೋಡಿದೆ ಎಂದು ಕೇಳಬೇಡಿ. ಅಂಗಡಿ ಇಟ್ಟವರೆಲ್ಲ ಹೆಂಗಸರು. ಕೆನ್ನೆಗೆ ಯಾವುದೋ ಮರದ ತೊಗಟೆಯ ಗಂಧ, ತಲೆಯಲ್ಲಿ ಹೂವು, ಬಾಯಲ್ಲಿ ನಮ್ಮ ಕುಂಟೆಯ ಹಿಡಿಯಷ್ಟು ದಪ್ಪದ ಚುಟ್ಟಾ. ಅದನ್ನು ಬಾಯಿಂದ ತೆಗೆಯದೆಯೇ ಗಿರಾಕಿಯನ್ನು ಬೈಯುತ್ತಿದ್ದರು, ಬೈದು ನಗುತ್ತಿದ್ದರು. ಗಂಡಸರು ಲುಂಗಿ ಉಟ್ಟು ಆ ಹೆಂಗಸರ ಹಿಂದೆ ಸಾಮಾನು ಹೊತ್ತು ನಡೆಯುತ್ತಿದ್ದರು. ನಮ್ಮ ಓಣಿಯ ಗಂಡಸರನ್ನೆಲ್ಲ ಒಂದು ದಿನದ ಮಟ್ಟಿಗೆ ಇಲ್ಲಿ ತಂದು ಬಿಡಬೇಕು ಎನ್ನಿಸಿತು. ಕೊಳೆಸಿದ ಮೀನಿನ ವಾಸನೆ ಮೊದಲ ದಿನ ಹೊಡೆದು ಓಡಿಸಿತು, ನಾಲ್ಕನೆಯ ದಿನ ಅದಿಲ್ಲದ ಬೀದಿ ಬೋಳೆನಿಸಿತು.

ಊರ ನಡುವೆ ದಿಣ್ಣೆಯ ಮೇಲೆ ಬಂಗಾರದ ಗೋಪುರ. ಸಂಜೆಯ ಬಿಸಿಲು ಅದರ ಮೇಲೆ ಬಿದ್ದಾಗ ನನಗೆ ನಮ್ಮ ಕೋಟೆಯ ಗುಡ್ಡ ನೆನಪಾಯಿತು. ಅಲ್ಲಿರುವುದು ಬಂಗಾರವಲ್ಲ, ಬರಿ ಬಂಡೆ; ಆದರೂ ಸಂಜೆ ಐದಕ್ಕೆ ಅದೂ ಹೀಗೇ ಹೊತ್ತಿಕೊಳ್ಳುತ್ತದೆ. ಈರಣ್ಣನ ಹೆಗಲ ಮೇಲಿನಿಂದ ಅದನ್ನು ನೋಡಿದ್ದೆ. ಹಾಗೆ ನೆನಪಾಗಿಯೂ ನಾನು ಮರುದಿನ ಅಕ್ಕಿ ಗಿರಣಿಗೆ ಹೋಗಲಿಲ್ಲ.

ಆ ಗೋಪುರದ ಮೆಟ್ಟಿಲ ಬಳಿ ನನ್ನ ಹೊಸ ಚಪ್ಪಲಿ ಕಾಣೆಯಾಯಿತು. ಆದವಾನಿಯಲ್ಲಿ ಅಳತೆ ಕೊಟ್ಟು ಹೊಲಿಸಿದ್ದು. ಹೂ ಮಾರುವವಳನ್ನು ಕೇಳಿದೆ, ಮೇಣದ ಬತ್ತಿಯವಳನ್ನು ಕೇಳಿದೆ, ಕಾವಿಯ ಸಂನ್ಯಾಸಿಯೊಬ್ಬರನ್ನೂ ಬಿಡಲಿಲ್ಲ. ಕೈಸನ್ನೆಯಿಂದ, ನೆಲದ ಮೇಲೆ ಚಿತ್ರ ಬರೆದು, ನಾಲ್ಕೂ ದಿಕ್ಕಿನ ಮೆಟ್ಟಿಲು ಹತ್ತಿ ಇಳಿದು ಹುಡುಕಿದೆ. ಕೊನೆಗೆ ಹೂವಿನವಳೇ ತನ್ನ ಬುಟ್ಟಿ ಬಿಟ್ಟು ನನ್ನ ಜೊತೆ ಬಂದು ಹುಡುಕಿಕೊಟ್ಟಳು. ನನ್ನ ಅವಸ್ಥೆಯನ್ನು ಅಣಕಿಸಿ ತೋರಿಸಿ ನಕ್ಕಳು, ನಾನೂ ನಕ್ಕೆ. ಈ ಕಥೆಯನ್ನು ಆದವಾನಿಯಲ್ಲಿ ನೂರು ಸಲ ಹೇಳಿದ್ದೇನೆ. ಹೇಳದೆ ಬಿಟ್ಟದ್ದು ಇಷ್ಟು: ಚಪ್ಪಲಿಗಾಗಿ ಎರಡು ಗಂಟೆ ಹುಡುಕಿದ ನಾನು, ಈರಣ್ಣನಿಗಾಗಿ ಹುಡುಕಿದ್ದು ಕಾಲು ಗಂಟೆ.

ಎಂಟನೆಯ ದಿನ

ಗಿರಣಿ ನದಿಯ ಆಚೆ ದಡದಲ್ಲಿತ್ತು. ದೋಣಿಯಲ್ಲಿ ದಾಟಿ, ಕೂಲಿಗಳ ಸಾಲುಮನೆಯ ಬಳಿ ಹೋಗಿ ವಿಚಾರಿಸಿದೆ. ಅಪ್ಪಾರಾವು ಎಂಬ ಮೇಸ್ತ್ರಿಯನ್ನು ತೋರಿಸಿದರು. ಕಾಕಿನಾಡದ ಕಡೆಯವರು, ಐವತ್ತರ ಮನುಷ್ಯ.

"ಈರಣ್ಣ ಉನ್ನಾಡಾ?" ಇದ್ದಾನಾ ಎಂದು ಕೇಳಿದೆ.

ಅವರು ಬಾಯಿಂದ ಚುಟ್ಟಾ ತೆಗೆದರು. "ಆದೋನಿ ಈರಣ್ಣಾ? ಮೀರೇಮವುತಾರು?" ಆದವಾನಿಯ ಈರಣ್ಣನಾ? ನೀವು ಅವನಿಗೇನಾಗಬೇಕು?

ತಮ್ಮನಿದ್ದಂತೆ ಎಂದೆ. ಅವರು ಹೆಗಲ ಮೇಲಿನ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದರು.

"ಪೋಯಾಡು ಬಾಬೂ."

ನನಗೆ ಅದು ಕೇಳಿಸಿದ್ದು, ಹೋದ ಎಂದು. ನಮ್ಮ ಕಡೆಯ ತೆಲುಗಿನಲ್ಲಿ ಸಂತೆಗೆ ಹೋದರೂ ಪೋಯಿನಾಡು, ಹೊಲಕ್ಕೆ ಹೋದರೂ ಪೋಯಿನಾಡು.

"ಎಪ್ಪುಡು?" ಯಾವಾಗ?

"ಪೋಯಿನೇಡು, ವಾನಾಕಾಲಂಲೋ." ಹೋದ ವರ್ಷದ ಮಳೆಗಾಲದಲ್ಲಿ.

"ಒಕ್ಕಡೇ ಪೋಯಿನಾಡಾ?" ಒಬ್ಬನೇ ಹೋದನಾ?

"ಒಕ್ಕಡೇ ಬಾಬೂ. ಪಕ್ಕನ ಎವರೂ ಲೇರು." ಪಕ್ಕದಲ್ಲಿ ಯಾರೂ ಇರಲಿಲ್ಲ.

"ಏಮೀ ತೀಸ್ಕೊನಿ ಪೋಲೇದಾ?" ಏನನ್ನೂ ತೆಗೆದುಕೊಂಡು ಹೋಗಲಿಲ್ಲವೇ?

ಅವರು ನನ್ನ ಮುಖವನ್ನೇ ನೋಡಿದರು. "ಏಂ ತೀಸುಕುಪೋತಾಡು ಬಾಬೂ!" ಏನು ತೆಗೆದುಕೊಂಡು ಹೋಗುತ್ತಾನಪ್ಪ!

ನಾನು ನಕ್ಕುಬಿಟ್ಟೆ. ಮೈಮೇಲಿನ ಅಂಗಿಯಲ್ಲೇ ಆದವಾನಿ ಬಿಟ್ಟವನು, ಇಲ್ಲಿಂದಲೂ ಹಾಗೇ ಹೋಗಿದ್ದಾನೆ ಎಂದು. ಅವರು ಮುಖ ಬೇರೆ ಕಡೆ ತಿರುಗಿಸಿದರು.

"ಯಾಡಿಕಿ ಪೋಯಿನಾಡೋ ತೆಲೀದಾ?" ಎಲ್ಲಿಗೆ ಹೋದನೆಂದು ಗೊತ್ತಿಲ್ಲವೇ?

"ಎವರಿಕಿ ತೆಲುಸು ಬಾಬೂ." ಯಾರಿಗೆ ಗೊತ್ತು ಎಂದು ಅವರು ಕೈಯನ್ನು ಬಯಲ ಕಡೆ ಎತ್ತಿ ಇಳಿಸಿದರು. ಅಲ್ಲಿ ನದಿಯಿತ್ತು, ನದಿಯ ಮೇಲೆ ಆಕಾಶವಿತ್ತು.

ಚಹಾ ತರಿಸಿದರು. ಹಣ ಕೊಡಲು ಹೋದರೆ ಕೈ ಹಿಡಿದು ತಡೆದರು. ಮಂ‍ಚಗಳ ಮೇಲೆ ಬಿದ್ದುಕೊಂಡಿದ್ದ ನಾಲ್ಕಾರು ಜನ ಎದ್ದು ಕೂತಿದ್ದರು. ನಾನು ಕಂಬಳಿ ಬಿಚ್ಚಿ, ಇದು ಈರಣ್ಣನಿಗೆಂದು ತಂದದ್ದು, ಇಟ್ಟುಕೊಳ್ಳಿ ಎಂದೆ. ಅಪ್ಪಾರಾವು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಅವನ ಹೆಸರು ಹೇಳಿ ಯಾರಾದರೂ ಹೊದೆಯುತ್ತಾರೆ ಎಂದರು. ಅವನು ಮರಳಿ ಬರುವ ತನಕ ಹೊದೆಯಲಿ, ಏನಂತೆ ಎಂದುಕೊಂಡೆ.

ಇನ್ನೂ ಎರಡು ಮಾತು ಕೇಳಬಹುದಿತ್ತು. ಅವರ ದನಿ ತಗ್ಗಿದ್ದನ್ನು ನಾನು ಗಮನಿಸಿದ್ದೆ. ಆದರೆ ಅಂದು ಮಧ್ಯಾಹ್ನ, ಮರದ ಕಾರ್ಖಾನೆಯಲ್ಲಿ ಆನೆಗಳು ಸೊಂಡಿಲಿನಿಂದ ದಿಮ್ಮಿ ಎತ್ತಿ ಜೋಡಿಸುವುದನ್ನು ತೋರಿಸುತ್ತೇನೆಂದು ಪರಿಚಯದವರೊಬ್ಬರು ಹೇಳಿದ್ದರು. ದೋಣಿ ಹೊರಡುವುದರಲ್ಲಿತ್ತು. ಓಡಿ ಹೋಗಿ ಹತ್ತಿದೆ.

ಆನೆಗಳನ್ನು ನೋಡಿದೆ. ಬಹಳ ಚೆನ್ನಾಗಿದ್ದವು.

ಮತ್ತೆ ಆದವಾನಿ

ರೈಲು ಇಳಿದು ಮನೆ ಸೇರುವ ಮುಂಚೆಯೇ ಸುಂಕಮ್ಮ ಓಣಿಯ ಬಾಯಲ್ಲಿ ನಿಂತಿದ್ದಳು. ಮಗ ಅವಳ ಸೆರಗು ಹಿಡಿದಿದ್ದ.

"ಸಿಕ್ಕನಾ?"

"ಇಲ್ಲವ್ವ. ಅಲ್ಲಿಂದ ಹೋಗ್ಯಾನಂತ."

"ಎಲ್ಲಿಗಿ?"

ಅದೇ ಪ್ರಶ್ನೆಯನ್ನು ನಾನೂ ಒಮ್ಮೆ ಕೇಳಿ, ಯಾರಿಗೆ ಗೊತ್ತು ಎಂದದ್ದಕ್ಕೇ ಸುಮ್ಮನಾಗಿ ದೋಣಿ ಹತ್ತಿದ್ದೆ. ಗೊತ್ತಿಲ್ಲ ಎಂದರೆ, ಅಷ್ಟು ದೂರ ಹೋಗಿ ಅಷ್ಟೂ ಕೇಳದೆ ಬಂದೆಯಾ ಎನ್ನುತ್ತಾಳೆ. ರಂಗೂನು ಬಿಟ್ಟರೆ ಬರ್ಮಾದಲ್ಲಿ ನನಗೆ ಗೊತ್ತಿದ್ದದ್ದು ಇನ್ನೊಂದೇ ಊರು. ದೊಡ್ಡ ನಾಯಕರೊಬ್ಬರನ್ನು ಸೆರೆಯಿಟ್ಟಿದ್ದ ಊರೆಂದು ಹೈಸ್ಕೂಲಿನಲ್ಲಿ ಮೇಷ್ಟರು ಹೇಳಿದ್ದರು.

"ಮಂಡಾಲೆಗಿ" ಎಂದೆ.

"ಅದೆಲ್ಲಿ ಬರತೈತಿ?"

"ಮ್ಯಾಲಿನ ಸೀಮಿ. ಅಲ್ಲಿ ಮಳಿ ಕಮ್ಮಿ. ನಮ್ಮಂಗ ಹತ್ತಿ ಬೆಳೀತಾರ. ಜಿನ್ನು ಅದಾವಂತ."

ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. "ಜಿನ್ನು ಅದಾವಾ? ಹಂಗಾರ ಸರಿ ಬಿಡು. ಅಕ್ಕಿ ಗಿರಣಿ ಅವಗ ಎಲ್ಲಿ ಸೇರಬೇಕು! ಕಂಬಳಿ?"

"ಮೇಸ್ತ್ರಿ ಕೈಯಾಗ ಕೊಟ್ಟೀನಿ. ಮುಟ್ಟಸ್ತಾನ."

ಒಳಗೆ ಹೋಗಿ ಬೆಲ್ಲ ತಂದು ನನ್ನ ಬಾಯಿಗೆ ಹಾಕಿದಳು. ಚೂರು ಚೂರು ಎಲ್ಲರಿಗೂ ಹಂಚಿದಳು. ಮಂಡಾಲೆ, ಮಂಡಾಲೆ ಎಂದು ಮರೆಯದಿರಲು ಬಾಯಲ್ಲೇ ಎರಡು ಸಲ ಹೇಳಿಕೊಂಡಳು.

ಗೂಡ್ಸ್ ಶೆಡ್ಡು

ಎರಡು ವರ್ಷಕ್ಕೆ ಯುದ್ಧ ಬರ್ಮಾಕ್ಕೆ ಬಂತು. ರಂಗೂನಿನ ಮೇಲೆ ಬಾಂಬು ಬಿದ್ದವು. ಅಲ್ಲಿದ್ದ ನಮ್ಮ ಜನ ಕಾಡು ಬೆಟ್ಟಗಳಲ್ಲಿ ನಡೆದು ದೇಶ ಸೇರತೊಡಗಿದರು. ಅಂಥವರು ಒಬ್ಬಿಬ್ಬರು ನಮ್ಮ ಕಡೆಯ ರೈಲುಗಳಲ್ಲೂ ಕಾಣಿಸಿಕೊಂಡರು. ಸುಂಕಮ್ಮ ದಿನಾ ಮಧ್ಯಾಹ್ನದ ಮೇಲ್ ರೈಲಿಗೆ ಸ್ಟೇಷನ್ನಿಗೆ ಹೋಗಿ, ಬೋಗಿಯಿಂದ ಬೋಗಿಗೆ ನಡೆದು ಕೇಳುತ್ತಿದ್ದಳು. ಕೂಲಿಗಳು ಅವಳಿಗೆ ಮಂಡಾಲೆ ಸುಂಕಮ್ಮ ಎಂದು ಹೆಸರಿಟ್ಟರು.

ಆಗ ಗೂಡ್ಸ್ ಶೆಡ್ಡಿಗೆ ಮೂರ್ತಿಗಾರು ಎಂಬ ಹೊಸ ಗುಮಾಸ್ತರು ಗೋದಾವರಿಯ ಕಡೆಯಿಂದ ವರ್ಗವಾಗಿ ಬಂದಿದ್ದರು. ಒಂದು ದಿನ ಬೇಲುಗಳ ಕೆಲಸಕ್ಕೆ ಹೋದೆ.

"ಮೀ ಶೆಟ್ಟಿಗಾರು ರಾಲೇದಾ?" ನಿಮ್ಮ ಶೆಟ್ಟರು ಬರಲಿಲ್ಲವೇ ಎಂದರು.

ಬೆಳಿಗ್ಗೆಯೇ ಹೋದರು ಎನ್ನಲು, "ಪೊದ್ದುನ್ನೇ ಪೋಯಿನಾರು" ಎಂದೆ.

ಅವರ ಕೈಯಿಂದ ಪೆನ್ನು ಬಿತ್ತು. "ಅಯ್ಯಯ್ಯೋ! ನಿನ್ನ ಸಾಯಂತ್ರಂ ನಾತೋ ಮಾಟ್ಲಾಡಾರೇ! ಎಲಾ ಪೋಯಾರಂಡೀ?" ನಿನ್ನೆ ಸಂಜೆ ನನ್ನ ಜೊತೆ ಮಾತಾಡಿದ್ದರಲ್ಲ, ಹೇಗೆ ಹೋದರು?

"ರೈಲ್ಲೋ."

"ರೈಲ್ಲೋನೇ ಪೋಯಾರಾ!" ರೈಲಿನಲ್ಲೇ ಹೋದರಾ!

"ಔನು. ಸಾಯಂತ್ರಂ ಒಸ್ತಾರು." ಹೌದು, ಸಂಜೆ ಬರುತ್ತಾರೆ.

ಮೂರ್ತಿಗಾರು ಎದ್ದು ನಿಂತು, ಬಹಳ ಮೆಲ್ಲಗೆ, ಅದೇ ರೈಲಿನಲ್ಲಿ ತರುತ್ತಿದ್ದಾರಾ ಎಂದು ಕೇಳಿದರು. ಯಾರನ್ನು ಎಂದೆ. ಬೇಲು ಉರುಳಿಸುತ್ತಿದ್ದ ಹಮಾಲಿ ಖಾಜಾ ಅಲ್ಲೇ ಕುಸಿದು ಕೂತು ನಗತೊಡಗಿದ. "ಅರೆ ಬಾಬಾ, ಶೆಟ್ರು ಗುಂತಕಲ್ಲಿಗಿ ಹೋಗ್ಯಾರ್ರಿ, ಕೈಲಾಸಕ್ಕ ಅಲ್ಲ!"

ಮೂರ್ತಿಗಾರು ಬೆವರೊರೆಸಿಕೊಂಡು ವಿವರಿಸಿದರು. ಅವರ ಕಡೆ ಊರಿಗೆ ಹೋದರೆ ವೆಳ್ಳಾರು ಎನ್ನುತ್ತಾರಂತೆ. ಒಬ್ಬ ಮನುಷ್ಯನ ಬಗ್ಗೆ ಬರಿದೇ ಪೋಯಾಡು ಎಂದರೆ, ಸತ್ತ ಎಂದೇ ಅರ್ಥವಂತೆ. "ಮೀ ಊರ್ಲೋ ರೋಜೂ ಎಂತಮಂದಿನಿ ಚಂಪೇಸ್ತಾರಯ್ಯಾ!" ನಿಮ್ಮೂರಲ್ಲಿ ದಿನಾ ಎಷ್ಟು ಜನರನ್ನು ಸಾಯಿಸುತ್ತೀರಯ್ಯ ಎಂದರು. ಶೆಡ್ಡಿನಲ್ಲಿ ಇದ್ದವರೆಲ್ಲ ನಕ್ಕರು. ನಾನೂ ನಗುತ್ತಿದ್ದೆ. ನಗುತ್ತಿದ್ದಂತೆಯೇ ಹೆಗಲಿನಿಂದ ಟವೆಲು ತೆಗೆದ ಅಪ್ಪಾರಾವು ಅವರ ಕೈ ಕಂಡಿತು. ಕಣ್ಣಿಗೊತ್ತಿಕೊಂಡ ಕಂಬಳಿ ಕಂಡಿತು. ಅವರು, ಏನು ತೆಗೆದುಕೊಂಡು ಹೋಗುತ್ತಾನಪ್ಪ ಎಂದಾಗ ನಾನು ನಕ್ಕದ್ದು ಕಂಡಿತು.

ಮೇಲ್ ರೈಲು ಬಂದು ನಿಂತಿತು. ಬೇಲಿಯ ಆಚೆಯಿಂದ ಸುಂಕಮ್ಮನ ದನಿ ಕೇಳಿಸಿತು. "ಎಪ್ಪಾ, ಬರ್ಮಾದಾಗಿಂದ ಯಾರಾದ್ರೂ ಬಂದೀರೇನ್ರಿ? ಮಂಡಾಲೆ ಕಡಿಯೋರು?"

ನಾನು ಬೇಲುಗಳ ಹಿಂದೆ ಸರಿದು ನಿಂತೆ.

ಗೋನೆಗಂಡ್ಲ

ಮತ್ತೆ ಆರು ವರ್ಷ ಸುಮ್ಮನಿದ್ದೆ. ರಂಗೂನಿಗೆ ಕಾಗದ ಹೋಗುವಂತಿರಲಿಲ್ಲ. ಯುದ್ಧ ಮುಗಿದ ಮೇಲೆ ಗಿರಣಿಯ ವಿಳಾಸಕ್ಕೆ ಎರಡು ಬರೆದೆ, ಉತ್ತರ ಬರಲಿಲ್ಲ. ಮೂರನೆಯದು ತೆರೆಯದೆಯೇ ವಾಪಸು ಬಂತು. ಅಪ್ಪಾರಾವು ಇದ್ದರೋ ಹೋದರೋ, ಅದೂ ಗೊತ್ತಿಲ್ಲ.

ಮಾವ ತೀರಿಕೊಂಡ ಮೇಲೆ ಸುಂಕಮ್ಮ ಮಗನನ್ನು ಕರೆದುಕೊಂಡು ತವರೂರು ಗೋನೆಗಂಡ್ಲಕ್ಕೆ ಹೋಗಿದ್ದಳು. ಅಲ್ಲಿಂದ ಅವಳ ಅಣ್ಣ ಹನುಮಂತು ನನಗೆ ಹೇಳಿಕಳಿಸಿದ. ಈರಣ್ಣ ಮನೆ ಬಿಟ್ಟು ಹನ್ನೆರಡು ವರ್ಷ ತುಂಬಿತ್ತು. ಹನ್ನೆರಡು ವರ್ಷ ಬಾರದವನಿಗೆ ದರ್ಭೆಯ ಗೊಂಬೆ ಮಾಡಿ ಸುಟ್ಟು ಕರ್ಮ ಮುಗಿಸಬೇಕೆಂದು ಕುಲದ ಹಿರಿಯರು ಹೇಳಿದ್ದರು. ಸುಂಕಮ್ಮ ಒಪ್ಪಿರಲಿಲ್ಲ. ಕೊನೆಯ ಸುದ್ದಿ ತಂದವನು ನೀನು, ಬಂದು ಹೇಳು ಎಂದು ಕರೆ.

ಎಲ್ಲವನ್ನೂ ಹೇಳಿಬಿಡಬೇಕೆಂದು ನಿಶ್ಚಯಿಸಿಯೇ ಹೋದೆ. ದೇವರ ಆಣೆಗೂ ಹಾಗೇ ಹೋದೆ.

ಹಟ್ಟಿಯ ಮುಂದಿನ ಬೇವಿನ ಕೆಳಗೆ ಹಿರಿಯರು ಕೂತಿದ್ದರು. ಸುಂಕಮ್ಮ ಕಂಬಕ್ಕೊರಗಿ ಉಣ್ಣೆ ನೂಲುತ್ತಿದ್ದಳು. ಕೈಯಲ್ಲಿ ಹಸಿರು ಬಳೆ.

"ಆ ಮೇಸ್ತ್ರಿ ಏನಂದ? ಆತ ಅಂದಂಗ ಹೇಳಪಾ" ಎಂದರು ಹಿರಿಯರಲ್ಲೊಬ್ಬರು.

"ಪೋಯಾಡು ಬಾಬೂ ಅಂದ್ರು."

"ಹಾಂ, ಹೋಗ್ಯಾನ ಅಂದಂಗಾತು."

"ಅಲ್ಲ್ರಿ. ಅವರ ಕಡಿ ಹಂಗಂದ್ರ..." ನೀರು ಕುಡಿದು, ಗೂಡ್ಸ್ ಶೆಡ್ಡಿನ ಕಥೆ ಹೇಳಿದೆ. ಆ ಕಥೆಗೆ ಯಾರೂ ನಗಲಿಲ್ಲ. ಹನುಮಂತು ತಲೆ ಬಗ್ಗಿಸಿದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು.

ಸುಂಕಮ್ಮನ ಕೈ ಮಾತ್ರ ನಿಲ್ಲಲಿಲ್ಲ. ಎಳೆ ಮುಗಿಸಿ, ಕದಿರಿಗೆ ಸುತ್ತಿ, ಆಮೇಲೆ ಕೇಳಿದಳು.

"ಹಂಗಾರ ರಂಗಣ್ಣ, ಮಂಡಾಲೆಗಿ ಅಂತ ಯಾಕಂದ ಆ ಮೇಸ್ತ್ರಿ? ಸತ್ತಾವ ಮಂಡಾಲೆಗಿ ಹೆಂಗ ಹೋಗ್ತಾನ?"

ಹಿರಿಯರು ತಲೆಯೆತ್ತಿದರು. "ಅದೂ ಖರೇನ" ಎಂದ ಹನುಮಂತು. "ಊರ ಹೆಸರು ಹೇಳ್ಯಾನಂದ್ರ ಬದುಕ್ಯಾನಂತನ ಲೆಕ್ಕ. ಅಂದನಿಲ್ಲೋ, ಮಂಡಾಲೆಗಿ ಅಂತ?"

ಎಲ್ಲರೂ ನನ್ನ ಬಾಯಿಯನ್ನು ನೋಡುತ್ತಿದ್ದರು. ಸುಂಕಮ್ಮನೂ ನೋಡುತ್ತಿದ್ದಳು. ಅವಳ ನೋಟದಲ್ಲಿ ಬೇಡಿಕೆ ಏನೂ ಇರಲಿಲ್ಲ. ಹಿಂದೆ ಕಟ್ಟೆಯ ಮೇಲೆ ಕೂತು ನಾನು ಈರಣ್ಣನ ಕಾಗದ ಬಿಚ್ಚುವುದನ್ನು ನೋಡುತ್ತಿದ್ದಳಲ್ಲ, ಹಾಗೇ ನೋಡುತ್ತಿದ್ದಳು.

"ಹೌದು" ಎಂದೆ. "ಮಂಡಾಲೆಗಿ ಅಂದ."

"ಮತ್ತ!" ಎಂದಳು ಅವಳು. "ಸುಮ್ಮನ ನನ್ನ ಬಳಿ ಒಡಸಾಕ ಬಂದಿದ್ರಿ" ಎಂದು ಹಿರಿಯರಿಗೆ ಬೈದು ಎದ್ದು ಒಳಗೆ ಹೋದಳು. ನನಗೆ ಊಟಕ್ಕೆ ಎಲೆ ಹಾಕಿದಳು. ಬಡಿಸುವಾಗ ಹಸಿರು ಬಳೆಗಳು ನನ್ನ ಕಿವಿಯ ಹತ್ತಿರವೇ ಸದ್ದು ಮಾಡಿದವು.

ಅದು ಕರುಣೆಯಿಂದ ಆಡಿದ ಮಾತು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಕರುಣೆಯಲ್ಲ. ಹನ್ನೆರಡು ಜನರ ಮುಂದೆ ಸುಳ್ಳುಗಾರನಾಗಲು ಅಂಜಿದೆ, ಅಷ್ಟೆ. ಅವಳು ಇನ್ನೂ ಹದಿನೇಳು ವರ್ಷ ಬದುಕಿದಳು. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರಿಡಲು ಹೊರಟಾಗ, ಬದುಕಿರುವವರ ಹೆಸರನ್ನು ಕೂಸಿಗೆ ಇಡಬಾರದೆಂದು ಜಗಳವಾಡಿ ನಿಲ್ಲಿಸಿದಳು. ಮುತ್ತೈದೆಯಾಗಿ ಸತ್ತಳೆಂದು ಜನ ಹೊಗಳಿದರು. ನಾನು ಮಣ್ಣಿಗೆ ಹೋಗಿದ್ದೆ. ಬಳೆ ತೆಗೆಯದೆಯೇ ಹೂತರು.

ಕರೆಯೋಲೆ

ಕರೆಯೋಲೆ ಈಗ ನನ್ನ ತೊಡೆಯ ಮೇಲಿದೆ. ನಮ್ಮ ಸೀಮೆಯಲ್ಲಿ ತೆಲುಗರಂತೆ ಹೆಸರಿನ ಮುಂದೆ ಮನೆತನದ ಹೆಸರು, ಇಂಟಿಪೇರು, ಬರೆಯುವ ರೂಢಿ. ಸುಂಕಮ್ಮನ ಮಗನನ್ನು ಗೋನೆಗಂಡ್ಲದ ಶಾಲೆಗೆ ಸೇರಿಸುವಾಗ ಮೇಷ್ಟರು ಇಂಟಿಪೇರು ಏನೆಂದು ಕೇಳಿದರಂತೆ. ಅವನು ಮಂಡಾಲೆ ಎಂದನಂತೆ. ಬರೆದುಕೊಂಡರು. ಅದೇ ಪಡಿತರ ಚೀಟಿಗೆ, ಹೊಲದ ಪಹಣಿಗೆ ಬಂತು. ಅಜ್ಜಿ ಸತ್ತ ಮೇಲೆ ಹುಟ್ಟಿದ ಕೊನೆಯ ಮೊಮ್ಮಗನಿಗೆ ಅಜ್ಜನ ಹೆಸರನ್ನಿಟ್ಟರು. ಕರೆಯೋಲೆಯಲ್ಲಿ ಅರಿಸಿನದ ಅಂಚಿನ ನಡುವೆ ಅಚ್ಚಾಗಿದೆ: ಮದುಮಗ, ಮಂಡಾಲೆ ಈರಣ್ಣ.

ನನ್ನ ಈರಣ್ಣ ಆ ಮಳೆಗಾಲದಲ್ಲಿ ಸತ್ತನೋ, ಅಪ್ಪಾರಾವು ಬರಿದೇ ಹೋದ ಎಂದರೋ, ಖಚಿತವಾಗಿ ನನಗೆ ಇಂದಿಗೂ ಗೊತ್ತಿಲ್ಲ. ಇನ್ನೊಂದು ಮಾತು ಕೇಳಿದ್ದರೆ ಗೊತ್ತಾಗುತ್ತಿತ್ತು. ಒಂದ್ ಮಾತು ಕೇಳಾಕ ಏನು ಎಂದು ಅವಳು ಸ್ಟೇಷನ್ನಿನಲ್ಲೇ ಹೇಳಿದ್ದಳು.

ಮದುವೆಗೆ ಹಿಂದಿನ ದಿನವೇ ಹೋಗುತ್ತೇನೆ. ಬೀಗರ ಮುಂದೆ ಕೂರುವ ಮುಂಚೆ ಈ ಹಾಳೆಗಳನ್ನು ಮದುಮಗನ ಕೈಗೆ ಕೊಡುತ್ತೇನೆ. ಅವನು ಬೈದರೆ ಬೈಯಲಿ. ಓದಿ ಮುಗಿಸಿದ ಮೇಲೂ ಮಂಡಾಲೆ ಹೇಗಿದೆ ತಾತಾ ಎಂದು ಯಾರಾದರೂ ಕೇಳಿದರೆ, ಹೇಳಲು ನನ್ನ ಹತ್ತಿರ ಇರುವುದು ಇಷ್ಟೇ. ಎಲ್ಲಿಗೆ ಹೋದ ಎಂದು ನಾನು ಅಪ್ಪಾರಾವು ಅವರನ್ನು ಕೇಳಿದೆ. ಯಾರಿಗೆ ಗೊತ್ತು ಬಾಬೂ ಎಂದರು. ಮಂಡಾಲೆ ಎಂದವನು ನಾನು.